ಸಂತೆಯಲ್ಲಿ ಸಿಕ್ಕ ಹಾಳೆಗೆ ಎಣ್ಣೆ ಹಚ್ಚಬಹುದೇ?

ಪ್ರಶ್ನೆ: ನಾನು ಉಡುಪಿಯವಳು. ಆರು ವರ್ಷದಿಂದ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದೇನೆ. ಹೋದ ತಿಂಗಳು ಬೆಲ್ಜಿಯಂನ ಒಂದು ಹಳೇ ಸಾಮಾನಿನ ಸಂತೆಯಲ್ಲಿ ಫ್ರೇಮ್ ಹಾಕಿದ ಕೈಬರಹದ ಹಾಳೆ ಕಂಡಿತು. ಅಂಗೈಗಿಂತ ಸ್ವಲ್ಪ ದೊಡ್ಡದು. ಒಂದು ದೊಡ್ಡ ನೀಲಿ ‘ಎಂ’ ಅಕ್ಷರ, ಅದರ ಸುತ್ತ ಕೆಂಪು ಗೆರೆಗಳ ಬಳ್ಳಿ, ನಡುನಡುವೆ ಚಿನ್ನದ ಚುಕ್ಕೆ. ‘15ನೇ ಶತಮಾನದ್ದು’ ಎಂದ ಮಾರುವವನು. 140 ಯೂರೋ ಕೊಟ್ಟು ತಂದೆ. ಮನೆಗೆ ಬಂದು ನೋಡಿದರೆ ಅದು ಲ್ಯಾಟಿನ್ ಅಲ್ಲವಂತೆ. ಆಫೀಸಿನ ಡಚ್ ಗೆಳತಿ ಕಷ್ಟಪಟ್ಟು ‘ಸೀಲೆ’, ‘ನಾಖ್ಟ್’ ಎಂಬ ಪದಗಳನ್ನೂ ಕೆಂಪು ಸಾಲಿನಲ್ಲಿ ‘ವೈಸ್‌ಹೈಟ್’ ಎಂಬುದನ್ನೂ ಓದಿದಳು. ಆತ್ಮ, ರಾತ್ರಿ, ವಿವೇಕ ಎಂದು ಅರ್ಥವಂತೆ. ಯುರೋಪಿನ ಹಳೇ ಪುಸ್ತಕ ಅಂದರೆ ಲ್ಯಾಟಿನ್ ಇರಬೇಕಲ್ವಾ? ನಾನು ಮೋಸ ಹೋದೆನಾ?

ಅಪ್ಪನ 70ನೇ ಹುಟ್ಟುಹಬ್ಬಕ್ಕೆ ಇದನ್ನು ಊರಿಗೆ ಒಯ್ಯಬೇಕು ಎಂದುಕೊಂಡಿದ್ದೆ. ಅವರು ನಿವೃತ್ತ ಮಾಸ್ಟ್ರು. ಮನೆಯಲ್ಲಿ ಅಜ್ಜನ ಕಾಲದ ಓಲೆಗರಿಗಳಿವೆ. ‘ನಿಂಬೆ ಹುಲ್ಲಿನ ಎಣ್ಣೆ ಹಚ್ಚು, ಆಮೇಲೆ ಲ್ಯಾಮಿನೇಟ್ ಮಾಡಿಸಿ ತಾ, ನೂರು ವರ್ಷ ಇರುತ್ತದೆ’ ಎನ್ನುತ್ತಾರೆ. ಅಮ್ಮನ ಚಿಂತೆ ಬೇರೆ: ಅದು ಕರುವಿನ ಚರ್ಮವಂತೆ, ಅದೂ ಹುಟ್ಟದ ಕರುವಿನದಂತೆ, ಮನೆಯೊಳಗೆ ಬೇಡ. ನಾನಂತೂ ಒಮ್ಮೆ ಫ್ರೇಮ್ ಬಿಚ್ಚಿ ಕೈಗವಸು ಇಲ್ಲದೆ ಮುಟ್ಟಿದ್ದೇನೆ. ಜತೆಗೆ, ಪುಸ್ತಕ ಹರಿದು ಮಾರಿದ್ದನ್ನು ಕೊಂಡ ತಪ್ಪೂ ನನ್ನ ತಲೆಗೆ ಬಂತಾ? ಮೂರು ಫೋಟೋ ಕಳಿಸಿದ್ದೇನೆ.

ಉತ್ತರ: ಮೊದಲು ಸಮಾಧಾನದ ಮಾತು. ನಿಮ್ಮ ಹಾಳೆ ನಿಜವಾದದ್ದು. ಅದು ಲ್ಯಾಟಿನ್ ಅಲ್ಲ ಎಂಬುದು ಕೊರತೆಯಲ್ಲ, ಅದರ ಅತಿ ಒಳ್ಳೆಯ ಗುರುತೇ ಅದು. ಇನ್ನು ಎಣ್ಣೆ ಮತ್ತು ಲ್ಯಾಮಿನೇಶನ್. ದಯವಿಟ್ಟು ಎರಡೂ ಬೇಡ. ಈ ಉತ್ತರದ ಉಳಿದದ್ದನ್ನು ಓದಲು ಪುರುಸೊತ್ತಿಲ್ಲದಿದ್ದರೂ ಇದೊಂದನ್ನು ಅಪ್ಪನಿಗೆ ಫೋನ್ ಮಾಡಿ ಹೇಳಿಬಿಡಿ.

ನಿಮ್ಮ ಗೆಳತಿ ಓದಿದ ಮೂರು ಪದ ಸಾಕಾಯಿತು ನನಗೆ. ‘ರಾತ್ರಿಯಲ್ಲಿ ನನ್ನ ಆತ್ಮ ನಿನ್ನನ್ನು ಬಯಸಿತು’ ಎಂಬುದು ಬೈಬಲ್ಲಿನ ಯೆಶಾಯನ ಪುಸ್ತಕದ ಮಾತು. 15ನೇ ಶತಮಾನದ ಡಚ್ ಪ್ರಾರ್ಥನಾ ಪುಸ್ತಕಗಳಲ್ಲಿ ‘ಶಾಶ್ವತ ವಿವೇಕ’ದ ಪ್ರಾರ್ಥನೆಗಳು ಶುರುವಾಗುವುದೇ ಈ ಸಾಲಿನಿಂದ. ‘ನನ್ನ’ ಎಂಬುದಕ್ಕೆ ಡಚ್‌ನಲ್ಲಿ ‘ಮೈನ್’, ಅದಕ್ಕೇ ಆ ದೊಡ್ಡ ‘ಎಂ’. ಮೇಲಿನ ಕೆಂಪು ಸಾಲು ‘ಇಲ್ಲಿ ಶಾಶ್ವತ ವಿವೇಕದ ಪ್ರಾರ್ಥನೆ ಶುರು’ ಎನ್ನುವ ತಲೆಬರಹ. ಅಂದರೆ ನಿಮ್ಮ ಕೈಯಲ್ಲಿರುವುದು ಪುಸ್ತಕದ ನಡುವಿನ ಯಾವುದೋ ಪುಟವಲ್ಲ. ಒಂದು ಇಡೀ ಅಧ್ಯಾಯದ ಬಾಗಿಲು.

ಈ ಬಗೆಯ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ ‘ಬುಕ್ ಆಫ್ ಅವರ್ಸ್’ ಎನ್ನುತ್ತಾರೆ. ದಿನದ ಎಂಟು ಹೊತ್ತಿಗೆ ಎಂಟು ಪ್ರಾರ್ಥನೆ. ಮಠದ ಸನ್ಯಾಸಿಗಳು ಮಾಡುತ್ತಿದ್ದುದನ್ನು ಮನೆಯಲ್ಲಿರುವವರೂ ಮಾಡಲಿ ಎಂದು ಚಿಕ್ಕದಾಗಿಸಿದ ಪುಸ್ತಕ. ಯುರೋಪಿನ ಹೆಚ್ಚಿನ ಕಡೆ ಇದು ಲ್ಯಾಟಿನ್‌ನಲ್ಲೇ ಇತ್ತು, ನಿಮ್ಮ ಊಹೆ ಪೂರ್ತಿ ತಪ್ಪಲ್ಲ. ಆದರೆ ಉತ್ತರ ನೆದರ್ಲೆಂಡ್ಸ್‌ನ ಕತೆ ಬೇರೆ. ಡೆವೆಂಟರ್ ಊರಿನ ಹೇರ್ಟ್ ಖ್ರೋಟೆ ಎಂಬಾತ 14ನೇ ಶತಮಾನದ ಕೊನೆಗೆ ಈ ಪ್ರಾರ್ಥನೆಗಳನ್ನು ಜನರಾಡುವ ಡಚ್‌ಗೆ ತಂದ. ಲ್ಯಾಟಿನ್ ಬಾರದ ಹೆಂಗಸರು, ಪೇಟೆಯ ವ್ಯಾಪಾರಿಗಳು, ಕೈಕಸುಬಿನವರು ಅರ್ಥ ಮಾಡಿಕೊಂಡು ಹೇಳಲಿ ಎಂಬುದು ಆತನ ಆಸೆ. ‘ಶಾಶ್ವತ ವಿವೇಕ’ದ ಭಾಗ ಹೈನ್‌ರಿಶ್ ಸೂಸೋ ಎಂಬ ಜರ್ಮನ್ ಸನ್ಯಾಸಿಯ ಬರಹದಿಂದ ಬಂದದ್ದು. ಖ್ರೋಟೆ 1384ರಲ್ಲಿ ಪ್ಲೇಗ್ ತಗುಲಿ ತೀರಿಕೊಂಡ. ಅವನ ಅನುವಾದ ಮಾತ್ರ ಮುಂದಿನ ನೂರು ವರ್ಷ ಕೈಯಿಂದ ಕೈಗೆ ನಕಲಾಗುತ್ತಲೇ ಹೋಯಿತು. ಇವತ್ತಿಗೂ ಅಂಥ ನೂರಾರು ಪುಸ್ತಕ ಉಳಿದಿವೆ. ನಿಮ್ಮದು ಅವುಗಳಲ್ಲೊಂದರ ಹಾಳೆ.

ಹಾಗಾದರೆ ನಿಜ ಎಂದು ಹೇಗೆ ಹೇಳುತ್ತೀರಿ ಎಂದು ನೀವು ಕೇಳಬಹುದು. ಪಕ್ಕದಿಂದ ಬೆಳಕು ಬೀಳಿಸಿ ತೆಗೆದ ಎರಡನೇ ಫೋಟೋ ಇದೆಯಲ್ಲ, ಅದರಲ್ಲಿ ಹಾಳೆಯ ಒಂದು ಮುಖ ಸ್ವಲ್ಪ ಹಳದಿ, ಅದರ ಮೇಲೆ ಸಣ್ಣ ಸಣ್ಣ ಚುಕ್ಕೆ. ಅದು ಕೂದಲು ಇದ್ದ ಬದಿ. ಇನ್ನೊಂದು ಮುಖ ಬಿಳಿ, ನಯ. ಅದು ಮಾಂಸದ ಬದಿ. ಅಕ್ಷರದ ಸಾಲುಗಳ ಕೆಳಗೆ ತೆಳುವಾಗಿ ಎಳೆದ ಗೆರೆಗಳಿವೆ. ಶಾಯಿ ಎಲ್ಲ ಕಡೆ ಒಂದೇ ಸಮ ಕಪ್ಪಾಗಿಲ್ಲ, ಗರಿಯ ಲೇಖನಿ ಶಾಯಿಗೆ ಅದ್ದಿದ ಮೇಲೆ ಗಾಢ, ಮುಗಿಯುತ್ತ ಬಂದಾಗ ಕಂದು. ಮುದ್ರಿಸಿದ ನಕಲಾಗಿದ್ದರೆ ಒಂದು ಸಾಮಾನ್ಯ ಭೂತಗನ್ನಡಿಯಲ್ಲೇ ಸಾಲಾಗಿ ಜೋಡಿಸಿದ ಬಣ್ಣದ ಚುಕ್ಕಿಗಳು ಕಂಡುಬಿಡುತ್ತವೆ. ನೀವೂ ಒಮ್ಮೆ ನೋಡಿ, ಮಜಾ ಇರುತ್ತದೆ.

ಆ ಶಾಯಿಯ ಸಾಮಾನುಗಳ ಹೆಸರು ಕೇಳಿದರೆ ನಿಮ್ಮ ಅಮ್ಮ ನಗುತ್ತಾರೆ. ಮಾಚಿಕಾಯಿ, ಅನ್ನಭೇದಿ, ಗೋಂದು. ನಮ್ಮಲ್ಲಿ ಮಗುವಿಗೆ ತೇದು ಹಾಕುವ ಅದೇ ಮಾಚಿಕಾಯಿ. ಓಕ್ ಮರದ ಚಿಗುರಿಗೆ ಒಂದು ಜಾತಿಯ ಕಣಜ ಮೊಟ್ಟೆ ಇಟ್ಟಾಗ ಏಳುವ ಗಂಟು ಅದು. ಅದರ ಒಗರಿಗೆ ಅನ್ನಭೇದಿಯ ಕಬ್ಬಿಣ ಸೇರಿ ಕಪ್ಪಾಗುತ್ತದೆ. ಈ ಶಾಯಿ ಚರ್ಮವನ್ನು ಕಚ್ಚಿಕೊಳ್ಳುತ್ತದೆ, ಅದಕ್ಕೇ ಐದು ನೂರು ವರ್ಷ ಆದರೂ ಅಕ್ಷರ ನಿಂತಿದೆ. ಕೆಂಪಕ್ಷರಕ್ಕೆ ಆಗ ಹೆಚ್ಚಾಗಿ ಬಳಸುತ್ತಿದ್ದುದು ಇಂಗಳೀಕ. ನೀಲಿ ಬಹುಶಃ ಅಜುರೈಟ್ ಎಂಬ ತಾಮ್ರದ ಖನಿಜ. ಅಫ್ಘಾನಿಸ್ತಾನದ ಬದಖ್‌ಶಾನ್‌ನಿಂದ ಬರುತ್ತಿದ್ದ ಲಾಜವರ್ದ ಕಲ್ಲಿನ ನೀಲಿ ಇನ್ನೂ ದುಬಾರಿ, ಇಂಥ ಸಾಧಾರಣ ಪುಸ್ತಕಕ್ಕೆ ಅಷ್ಟು ಖರ್ಚು ಮಾಡುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಿಮಗೆ ಬೇಸರ ಮಾಡಬೇಕಾಗಿದೆ. ಆ ಚಿನ್ನದ ಚುಕ್ಕೆಗಳು. ಮೂರನೇ ಫೋಟೋ ದೊಡ್ಡದು ಮಾಡಿ ನೋಡಿದೆ. ಚಿನ್ನ ಕೆಂಪು ಗೆರೆಗಳ ಮೇಲೆ ಕೂತಿದೆ. ಹಳೇ ಕಸುಬಿನಲ್ಲಿ ಕ್ರಮ ಇದಕ್ಕೆ ತಿರುಗು. ಮೊದಲು ಚಿನ್ನದ ರೇಕು ಅಂಟಿಸಿ, ಪ್ರಾಣಿಯ ಹಲ್ಲು ಅಥವಾ ನುಣುಪು ಕಲ್ಲಿನಿಂದ ಉಜ್ಜಿ ಹೊಳಪು ತರುತ್ತಿದ್ದರು. ಬಣ್ಣ, ಗೆರೆ ಎಲ್ಲ ಆಮೇಲೆ. ಇಲ್ಲದಿದ್ದರೆ ಉಜ್ಜುವಾಗ ಪಕ್ಕದ ಬಣ್ಣ ಕೆಟ್ಟು ಹೋಗುತ್ತದೆ. ಜತೆಗೆ ನಿಮ್ಮ ಚುಕ್ಕೆಗಳಿಗೆ ಉಬ್ಬೂ ಇಲ್ಲ, ಕನ್ನಡಿಯ ಹೊಳಪೂ ಇಲ್ಲ. ಯಾರೋ ಮಾರುವವರು ಬೆಲೆ ಏರಲಿ ಎಂದು ಮುಂದೆಂದೋ ಇಟ್ಟ ಚುಕ್ಕೆಗಳು ಎಂದೇ ನನ್ನ ಅಭಿಪ್ರಾಯ. ಇದು ಬಹಳ ಸಾಮಾನ್ಯ. ಇಡೀ ಹಾಳೆಯನ್ನು ಸುಳ್ಳು ಮಾಡುವವರು ಕಡಿಮೆ. ಬರೀ ಅಕ್ಷರದ ಹಾಳೆಗೆ ಸಿಗುವ ದುಡ್ಡಿಗೆ ಅಷ್ಟು ಕಷ್ಟ ಗಿಟ್ಟುವುದಿಲ್ಲ. ನಿಜವಾದ ಹಾಳೆಗೆ ಸುಳ್ಳು ಒಡವೆ ತೊಡಿಸುವುದು ಸುಲಭ.

ಚಿತ್ರದ ಹಾಳೆಯಾದರೆ ಜಾಸ್ತಿ ಎಚ್ಚರ ಬೇಕು. ಸುಮಾರು 1900ರ ಹೊತ್ತಿಗೆ ಪ್ಯಾರಿಸ್‌ನಲ್ಲಿದ್ದ ಒಬ್ಬ ನಿಪುಣ, ಹಳೇ ಚರ್ಚ್ ಹಾಡಿನ ಪುಸ್ತಕಗಳ ಹಾಳೆ ಕೆರೆದು ಅದರ ಮೇಲೆ ರಾಜ, ರಾಣಿ, ಕೋಟೆಗಳ ಮುದ್ದಾದ ಚಿತ್ರ ಬರೆದು ಮಾರಿದ. ದೊಡ್ಡ ದೊಡ್ಡ ಸಂಗ್ರಹಕಾರರೇ ಬಿದ್ದರು. ನ್ಯೂಯಾರ್ಕಿನ ಮಾರ್ಗನ್ ಗ್ರಂಥಾಲಯದ ಬೆಲ್ ಡ ಕೋಸ್ಟಾ ಗ್ರೀನ್ 1930ರಲ್ಲಿ ಇವೆಲ್ಲ ಒಂದೇ ಕೈಯ ಕೆಲಸ ಎಂದು ಗುರುತಿಸಿ ಅವನಿಗೆ ‘ಸ್ಪ್ಯಾನಿಷ್ ಫೋರ್ಜರ್’ ಎಂದು ಹೆಸರಿಟ್ಟರು. ಆತ ಸ್ಪೇನಿನವನಲ್ಲ ಎಂಬುದು ಆಮೇಲೆ ತಿಳಿಯಿತು, ಹೆಸರು ಹಾಗೇ ಉಳಿಯಿತು. ಕೊನೆಗೆ ಅವನನ್ನು ಹಿಡಿದುಕೊಟ್ಟವುಗಳಲ್ಲಿ ಒಂದು ಹಸಿರು ಬಣ್ಣ. ಮಧ್ಯಯುಗದಲ್ಲಿ ಇರಲೇ ಇಲ್ಲದ, ಆರ್ಸೆನಿಕ್ ಬೆರೆತ ಹಸಿರು ಅದು. ಈಗ ಅವನ ಚಿತ್ರಗಳನ್ನೇ ಹುಡುಕಿಕೊಂಡು ಕೊಳ್ಳುವವರಿದ್ದಾರೆ, ಅದು ಬೇರೆ ಮಾತು.

ಈಗ ಅಪ್ಪನ ಸಲಹೆಗೆ ಬರೋಣ. ಅವರು ಹೇಳಿದ್ದು ಅವರಿಗೆ ಗೊತ್ತಿರುವ ವಸ್ತುವಿನ ಮಟ್ಟಿಗೆ ಸರಿಯಾಗಿಯೇ ಇದೆ. ಓಲೆಗರಿ ಎಂದರೆ ಎಲೆ. ಅದರಲ್ಲಿ ಅಕ್ಷರವನ್ನು ಕಬ್ಬಿಣದ ಕಂಟದಿಂದ ಕೊರೆದಿರುತ್ತಾರೆ, ಮೇಲೆ ಮಸಿ ತಿಕ್ಕಿ ಒರೆಸಿರುತ್ತಾರೆ. ಎಣ್ಣೆ ಎಲೆಯನ್ನು ಮೆದುವಾಗಿಡುತ್ತದೆ, ಹುಳವನ್ನೂ ದೂರ ಇಡುತ್ತದೆ. ಮಸಿ ಹೋದರೂ ಕೊರೆದ ಅಕ್ಷರ ಎಲ್ಲಿಗೂ ಹೋಗುವುದಿಲ್ಲ, ಮತ್ತೆ ತಿಕ್ಕಿದರಾಯಿತು. ನಿಮ್ಮ ಹಾಳೆ ಪಾರ್ಚ್‌ಮೆಂಟ್. ಪ್ರಾಣಿಯ ಚರ್ಮ. ಅಕ್ಷರ, ಬಣ್ಣ ಮೇಲೆ ಕೂತಿವೆ. ಎಣ್ಣೆ ಬಿದ್ದರೆ ಚರ್ಮ ಅದನ್ನು ಕುಡಿದು ಗಾಜಿನ ಹಾಗೆ ಅರೆಪಾರದರ್ಶಕವಾಗುತ್ತದೆ. ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣತೊಡಗಿ ಎರಡೂ ಕಲಸಿಹೋಗುತ್ತವೆ. ಹಿಂದೆ ಕಿಟಕಿಗೆ ಗಾಜಿನ ಬದಲು ಎಣ್ಣೆ ಹಚ್ಚಿದ ಪಾರ್ಚ್‌ಮೆಂಟ್ ಹಾಕುತ್ತಿದ್ದುದೇ ಈ ಗುಣಕ್ಕಾಗಿ. ಕುಡಿದ ಎಣ್ಣೆಯನ್ನು ಪೂರ್ತಿ ಹೊರತೆಗೆಯುವುದು ಆಗದ ಮಾತು.

ಲ್ಯಾಮಿನೇಶನ್ ಇನ್ನೂ ಕೆಟ್ಟದ್ದು. ಪಾರ್ಚ್‌ಮೆಂಟ್ ನಮ್ಮ ಚಪ್ಪಲಿಯ ಚರ್ಮದ ಹಾಗಲ್ಲ, ಅದನ್ನು ಹದ ಮಾಡಿರುವುದಿಲ್ಲ. ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ತೆಗೆದು, ಚೌಕಟ್ಟಿಗೆ ಬಿಗಿದು ಕಟ್ಟಿ, ಅರ್ಧಚಂದ್ರದ ಕತ್ತಿಯಿಂದ ಕೆರೆಯುತ್ತ ಒಣಗಿಸುತ್ತಾರೆ. ಆ ಬಿಗಿತವೇ ಅದನ್ನು ಹಾಳೆಯಾಗಿ ಹಿಡಿದಿಟ್ಟಿರುವುದು. ನೀವು ಉಡುಪಿಯವರು, ಚೆಂಡೆ ಮದ್ದಳೆ ನಿಮಗೆ ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಚರ್ಮ ಸಡಿಲಾಗಿ ಸದ್ದು ಮಂಕಾಗುತ್ತದೆ. ಬಿಸಿಲಿಗೆ ಇಟ್ಟರೆ ಬಿಗಿಯುತ್ತದೆ. ಪಾರ್ಚ್‌ಮೆಂಟೂ ಅದೇ ಜಾತಿಯದು. ಒದ್ದೆ ಇದ್ದಾಗ ಸುಮಾರು 60 ಡಿಗ್ರಿ ಶಾಖಕ್ಕೇ ಹೊಸ ಚರ್ಮ ಮುದುಡುತ್ತದೆ, ಸವೆದ ಹಳೇ ಚರ್ಮಕ್ಕೆ ಅಷ್ಟೂ ಬೇಡ. ಲ್ಯಾಮಿನೇಶನ್ ಯಂತ್ರದ ಶಾಖ 100 ಡಿಗ್ರಿ ದಾಟುತ್ತದೆ. ಹಾಕಿದ್ದು ಹಾಳೆ, ಹೊರಬರುವುದು ಹಪ್ಪಳ.

ಇದು ಉತ್ಪ್ರೇಕ್ಷೆ ಅನ್ನಿಸಿದರೆ 1731ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಆಶ್‌ಬರ್ನ್‌ಹ್ಯಾಮ್ ಹೌಸ್‌ನಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. ಅಲ್ಲಿದ್ದ, ಕಾಟನ್ ಎಂಬ ಮನೆತನದ ಹಳೇ ಹಸ್ತಪ್ರತಿಗಳ ಸಂಗ್ರಹಕ್ಕೆ ಬೆಂಕಿ ಬಿತ್ತು. ಹಳೇ ಇಂಗ್ಲಿಷಿನ ಬಿಯೋವುಲ್ಫ್ ಕಾವ್ಯದ ಉಳಿದಿರುವ ಒಂದೇ ಪ್ರತಿಯ ಅಂಚು ಸುಟ್ಟದ್ದು ಆಗಲೇ. ಬೆಂಕಿ ನೇರವಾಗಿ ತಾಗದ ಎಷ್ಟೋ ಪುಸ್ತಕಗಳೂ ಬರೀ ಶಾಖಕ್ಕೆ ಮುದುಡಿ ಗಂಟಾದವು. ನೂರು ವರ್ಷದ ಮೇಲೆ ಬ್ರಿಟಿಷ್ ಮ್ಯೂಸಿಯಂನವರು ಕೆಲವು ಹಾಳೆಗಳನ್ನು ಚಪ್ಪಟೆ ಮಾಡಲು ಅಂಚಿನಲ್ಲಿ ಸೀಳಬೇಕಾಯಿತು. ನನ್ನದೇ ಒಂದು ಸಣ್ಣ ಕತೆಯಿದೆ. ವಿದ್ಯಾರ್ಥಿಯಾಗಿದ್ದಾಗ ಒಂದು ಹಾಳೆಯನ್ನು ಕಿಟಕಿಯ ಪಕ್ಕದ ಮೇಜಿನ ಮೇಲೆ ಬಿಟ್ಟು ಕಾಫಿಗೆ ಹೋದೆ. ಬರುವಷ್ಟರಲ್ಲಿ ಬಿಸಿಲು ಸರಿದು ಅದರ ಮೇಲೆ ಬಿದ್ದಿತ್ತು. ಹಾಳೆ ಒಣ ಬಾಳೆಲೆಯ ಹಾಗೆ ಸುರುಳಿ ಸುತ್ತಿಕೊಂಡು ಕೂತಿತ್ತು. ಪುಣ್ಯಕ್ಕೆ ಅದು ಅಭ್ಯಾಸಕ್ಕೆಂದು ಇಟ್ಟ ಖಾಲಿ ಹಾಳೆ. ಆದರೂ ಆ ದಿನದ ಎದೆಬಡಿತ ಇನ್ನೂ ನೆನಪಿದೆ.

ಕೈಗವಸಿನ ವಿಷಯ ಸುಲಭ. ನೀವು ತಪ್ಪು ಮಾಡಿಲ್ಲ. ಬಿಳಿ ಕೈಗವಸು ಸಿನಿಮಾದ್ದು. ಬ್ರಿಟಿಷ್ ಲೈಬ್ರರಿಯಂಥ ಕಡೆಯೂ ಹಸ್ತಪ್ರತಿಗೆ ತೊಳೆದು ಒಣಗಿಸಿದ ಬರಿಗೈ ಮೇಲು ಎನ್ನುತ್ತಾರೆ. ಬಟ್ಟೆಯ ಕೈಗವಸಿನಲ್ಲಿ ಬೆರಳಿಗೆ ಹಾಳೆಯ ಅಂಚು ಗೊತ್ತಾಗುವುದಿಲ್ಲ, ನೂಲು ಬಣ್ಣದ ಚಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಹ್ಯಾಂಡ್ ಕ್ರೀಮ್ ಹಚ್ಚಿದ ಕೈಯಲ್ಲಿ ಮಾತ್ರ ಮುಟ್ಟಬೇಡಿ. ಬಣ್ಣದ ಭಾಗಕ್ಕೆ ಬೆರಳು ತಾಗಿಸಬೇಡಿ. ಮುಟ್ಟಿದ ಮೇಲೆಯೂ ಒಮ್ಮೆ ಕೈ ತೊಳೆಯಿರಿ, ಇಂಗಳೀಕದಲ್ಲಿ ಪಾದರಸ ಇರುತ್ತದಲ್ವಾ. ಗಾಜಿನೊಳಗಿದ್ದರೆ ಅದರಿಂದ ಭಯವಿಲ್ಲ.

ಅಮ್ಮನ ಚಿಂತೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದು ಚರ್ಮ ಎಂಬುದು ನಿಜ, ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಆದರೆ ‘ಹುಟ್ಟದ ಕರುವಿನ ಚರ್ಮ’ ಎಂಬುದು ಅತಿ ತೆಳುವಾದ ಪಾರ್ಚ್‌ಮೆಂಟಿಗೆ ಹಳಬರು ಇಟ್ಟ ಹೆಸರಿನಿಂದ ಬೆಳೆದ ಕತೆ. 2015ರಲ್ಲಿ ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ಮತ್ತು ಅವರ ಜತೆಗಾರರು ಒಂದು ಚಂದದ ಉಪಾಯ ಮಾಡಿದರು. 13ನೇ ಶತಮಾನದ ಚಿಕ್ಕ ಬೈಬಲ್‌ಗಳ ಹಾಳೆಯನ್ನು ಮಕ್ಕಳು ಬಳಸುವಂಥ ರಬ್ಬರಿನಿಂದ ಮೆಲ್ಲಗೆ ಉಜ್ಜಿದರು. ಆ ರಬ್ಬರಿನ ಪುಡಿಗೆ ಅಂಟಿದ ಪ್ರೋಟೀನ್ ನೋಡಿ ಯಾವ ಪ್ರಾಣಿ ಎಂದು ಹೇಳಿದರು. ಸಿಕ್ಕಿದ್ದು ಕರು, ಆಡು, ಕುರಿ. ಹಾಳೆಯ ತೆಳುತನ ಚರ್ಮ ಮಾಡುವವನ ಕೈಚಳಕದಿಂದ ಬಂದದ್ದು, ಗರ್ಭದ ಕರುವಿನಿಂದಲೇ ಆಗಬೇಕಿರಲಿಲ್ಲ ಎಂದು ತೀರ್ಮಾನಿಸಿದರು. ನಿಮ್ಮ ಹಾಳೆ ಅಷ್ಟು ತೆಳುವೂ ಅಲ್ಲ. ಕರುವೋ ಕುರಿಯೋ ಫೋಟೋದಲ್ಲಿ ಹೇಳಲಾಗದು. ಮನೆಯಲ್ಲಿ ಮದ್ದಳೆ ಇಟ್ಟುಕೊಳ್ಳುವವರು ಅದನ್ನು ಹೇಗೆ ನೋಡುತ್ತಾರೋ ಹಾಗೆ ಇದನ್ನೂ ನೋಡಬಹುದು ಎಂದು ನನಗನ್ನಿಸುತ್ತದೆ. ಅಮ್ಮನಿಗೆ ಹಾಗನ್ನಿಸದಿದ್ದರೆ ಅದು ಅವರ ಮನೆ.

ಇನ್ನು ಹರಿದ ಪುಸ್ತಕದ ಹಾಳೆ ಕೊಂಡ ‘ತಪ್ಪಿ’ನ ಪ್ರಶ್ನೆ. ನನಗೆ ಇದರ ಬಗ್ಗೆಯೇ ಜಾಸ್ತಿ ಹೇಳುವುದಿದೆ.

ಬಿಡಿ ಹಾಳೆಗಳೆಲ್ಲ ಒಂದೇ ದಾರಿಯಲ್ಲಿ ಬಂದವಲ್ಲ. 16ನೇ ಶತಮಾನದಲ್ಲಿ ಮುದ್ರಣ ಬಂದು, ಕೆಲವೆಡೆ ಮತವೂ ಬದಲಾಗಿ, ಹಳೇ ಕೈಬರಹದ ಪುಸ್ತಕಗಳು ಬೇಡವಾದವು. ಪುಸ್ತಕ ಕಟ್ಟುವವರು ಆ ಗಟ್ಟಿ ಚರ್ಮವನ್ನು ಕತ್ತರಿಸಿ ಹೊಸ ಪುಸ್ತಕಗಳ ಬೆನ್ನಿಗೆ, ರಟ್ಟಿನ ಒಳಗೆ ಹಾಕಿದರು. ಅಂಥ ತುಂಡುಗಳಲ್ಲಿ ಮಡಿಕೆ, ಅಂಟಿನ ಕಲೆ, ಹೊಲಿಗೆಯ ತೂತು ಇರುತ್ತವೆ. ಅವುಗಳ ವಿಷಯದಲ್ಲಿ ಯಾರ ಮೇಲೂ ಸಿಟ್ಟು ಮಾಡಿ ಫಲವಿಲ್ಲ. ಕಟ್ಟುವವರು ಬಳಸಿದ್ದರಿಂದಲೇ ಅವು ಉಳಿದವು.

ನಿಮ್ಮದು ಹಾಗಲ್ಲ. ಒಂದೂ ಮಡಿಕೆಯಿಲ್ಲ, ಎಡ ಅಂಚು ಚೂರಿಯಿಂದ ನೇರವಾಗಿ ಕೊಯ್ದಿದೆ. ಒಂದು ಗಟ್ಟಿಮುಟ್ಟಾದ ಪುಸ್ತಕವನ್ನು ಮಾರುವುದಕ್ಕೆಂದೇ ಬಿಡಿಸಿದ ಗುರುತು ಅದು. 20ನೇ ಶತಮಾನದಲ್ಲಿ ಇದೊಂದು ವ್ಯಾಪಾರವೇ ಆಗಿತ್ತು. ಇಡೀ ಪುಸ್ತಕಕ್ಕೆ ಒಬ್ಬನೇ ಗಿರಾಕಿ, ಅವನು ಚೌಕಾಸಿ ಮಾಡುತ್ತಾನೆ. ಇನ್ನೂರು ಹಾಳೆಗೆ ಇನ್ನೂರು ಗಿರಾಕಿ. ಅಮೆರಿಕದ ಕ್ಲೀವ್‌ಲ್ಯಾಂಡಿನ ಆಟೋ ಈಗೆ ಎಂಬ ಮೇಷ್ಟ್ರು ಇದರಲ್ಲಿ ಎಲ್ಲರಿಗಿಂತ ಹೆಸರು ಮಾಡಿದವರು. 50 ಹಸ್ತಪ್ರತಿಗಳಿಂದ ಒಂದೊಂದು ಹಾಳೆ ಸೇರಿಸಿ ಒಂದು ಪೆಟ್ಟಿಗೆ, ಅಂಥ 40 ಪೆಟ್ಟಿಗೆ. ಸಣ್ಣ ಊರಿನ ಮಕ್ಕಳೂ ನಿಜವಾದ ಹಾಳೆ ನೋಡಲಿ ಎಂಬುದು ಅವರ ವಾದ. 1938ರಲ್ಲಿ ತಾನೊಬ್ಬ ಪುಸ್ತಕಭಂಜಕ ಎಂದು ಅವರೇ ಬರೆದುಕೊಂಡರು. ಆ ವಾದದಲ್ಲಿ ಸ್ವಲ್ಪವೂ ಸತ್ಯವಿಲ್ಲ ಎನ್ನಲಾರೆ. ಆದರೆ ಕಳೆದುಕೊಂಡದ್ದು ಏನೆಂದು ಒಂದು ಉದಾಹರಣೆಯಲ್ಲಿ ನೋಡಿ.

ಫ್ರಾನ್ಸಿನ ಬೋವೆ ಊರಿನ ಕೆಥೆಡ್ರಲ್‌ಗಾಗಿ 13ನೇ ಶತಮಾನದ ಕೊನೆಗೆ ಬರೆದ ಒಂದು ಪೂಜಾ ಪುಸ್ತಕವಿತ್ತು. 1942ರವರೆಗೆ ಅದು ಇಡಿಯಾಗಿತ್ತು. ಪತ್ರಿಕೆಗಳ ದೊರೆ ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಬಳಿ ಇದ್ದದ್ದು ಮಾರಾಟವಾಗಿ, ಒಬ್ಬ ವ್ಯಾಪಾರಿಯ ಮತ್ತು ಇದೇ ಈಗೆಯವರ ಕೈಯಲ್ಲಿ ಬಿಡಿಬಿಡಿಯಾಯಿತು. ಮುನ್ನೂರಕ್ಕೂ ಮಿಕ್ಕಿದ ಹಾಳೆ ಊರೂರಿಗೆ ಹೋದವು. ವಿದ್ವಾಂಸರು ಈಗ ಅವುಗಳ ಫೋಟೋ ಒಂದೊಂದಾಗಿ ಜೋಡಿಸುತ್ತಿದ್ದಾರೆ. ನೂರಕ್ಕೂ ಹೆಚ್ಚು ಸಿಕ್ಕಿವೆ, ಉಳಿದವಕ್ಕೆ ಹುಡುಕಾಟ ನಡೆದಿದೆ. 2022ರಲ್ಲಿ ಮೇನ್ ರಾಜ್ಯದಲ್ಲಿ ಒಬ್ಬ ಹುಡುಗ ಮನೆಸಾಮಾನಿನ ಮಾರಾಟವೊಂದರಲ್ಲಿ 75 ಡಾಲರ್ ಕೊಟ್ಟು ಒಂದು ಹಾಳೆ ಕೊಂಡ. ಅದು ಈ ಪುಸ್ತಕದ್ದೇ ಆಗಿತ್ತು. ನಿಮ್ಮ ಸಂತೆಯ ಕತೆಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ?

ನಿಮ್ಮ ಹಾಳೆಗೂ ಅಣ್ಣತಮ್ಮಂದಿರಿದ್ದಾರೆ. ಈ ಪುಸ್ತಕಗಳ ಮೊದಲಲ್ಲಿ ಪಂಚಾಂಗದಂಥ ಒಂದು ಭಾಗ ಇರುತ್ತದೆ, ಸಂತರ ಹಬ್ಬಗಳ ಪಟ್ಟಿ. ದೊಡ್ಡ ಹಬ್ಬ ಕೆಂಪಿನಲ್ಲಿ, ಉಳಿದದ್ದು ಕಪ್ಪಿನಲ್ಲಿ. ನವೆಂಬರ್ 7ರ ವಿಲಿಬ್ರೋರ್ಡ್ ಕೆಂಪಿನಲ್ಲಿದ್ದರೆ ಉಟ್ರೆಕ್ಟ್ ಕಡೆಯ ಪುಸ್ತಕ ಎಂದು ಊಹಿಸಬಹುದು. ನಿಮ್ಮ ಹಾಳೆಯಲ್ಲಿ ಅದಿಲ್ಲ. ಆದರೆ ಅದೇ ಕೈಬರಹ, ಅದೇ ಅಳತೆ, ಪುಟಕ್ಕೆ ಅಷ್ಟೇ ಸಾಲು ಇರುವ ಪಂಚಾಂಗದ ಹಾಳೆ ಎಲ್ಲೋ ಯಾರದೋ ಗೋಡೆಯ ಮೇಲಿರಬಹುದು. ಎರಡೂ ಸೇರಿದರೆ ಊರು ಸಿಗುತ್ತದೆ. ಗೆರೆಬಳ್ಳಿಯೂ ಸಹಾಯ ಮಾಡುತ್ತದೆ. ಡಚ್ ಪುಸ್ತಕಗಳಲ್ಲಿ ಒಂದೊಂದು ಪೇಟೆಯ ಕಸುಬಿನವರ ಗೆರೆ ಒಂದೊಂದು ರೀತಿ. ಅಲ್ಲಿನ ವಿದ್ವಾಂಸರು ಒಂದು ಶೈಲಿಗೆ ‘ಬದನೆಕಾಯಿ’ ಎಂದೇ ಹೆಸರಿಟ್ಟಿದ್ದಾರೆ. ಗೆರೆಯ ಆಕಾರ ನೋಡಿದರೆ ಯಾಕೆಂದು ಗೊತ್ತಾಗುತ್ತದೆ.

ಆದ್ದರಿಂದ ತಪ್ಪು ನಿಮ್ಮದಲ್ಲ. ಪುಸ್ತಕ ಹರಿದದ್ದು ನೀವು ಹುಟ್ಟುವ ಮೊದಲೇ ಇರಬೇಕು, ಫ್ರೇಮಿನ ಹಿಂದಿನ ಕಂದಿದ ರಟ್ಟು ಹಾಗೆ ಹೇಳುತ್ತದೆ. ಆದರೆ ಈಗ ರುಚಿ ಹತ್ತಿ ಇನ್ನೊಂದು, ಮತ್ತೊಂದು ಎಂದು ಕೊಳ್ಳುವ ಮುನ್ನ ಯೋಚಿಸಿ. ಒಬ್ಬನೇ ಮಾರುವವನ ಬಳಿ ಒಂದೇ ಪುಸ್ತಕದ ಹತ್ತಾರು ಹಾಳೆ, ಕೊಯ್ದ ಅಂಚು ಇನ್ನೂ ಬೆಳ್ಳಗೆ, ಹೊಸದಾಗಿದೆ ಎಂದರೆ ಅದು ಮೊನ್ನೆ ಮೊನ್ನೆ ಕತ್ತರಿಸಿದ್ದು. ಅಂಥದ್ದು ಬೇಡ. ಗ್ರಂಥಾಲಯದ ಮುದ್ರೆ ಅಥವಾ ಮುದ್ರೆ ಕೆರೆದ ಗುರುತು ಕಂಡರಂತೂ ಕೈಯನ್ನೇ ಹಾಕಬೇಡಿ.

ಈಗ ನಿಮ್ಮ ಮುಂದಿರುವ ದಾರಿಗಳು. ಹಾಗೇ ಫ್ರೇಮಿನಲ್ಲಿ ಬಿಟ್ಟರೇನು? ಒಂದು ವರ್ಷ, ಎರಡು ವರ್ಷ ಏನೂ ಆಗದು. ಆದರೆ ಆ ಹಳೇ ರಟ್ಟಿನಲ್ಲಿ ಆಮ್ಲ ಇರುತ್ತದೆ, ಗಾಜು ನೇರ ಬಣ್ಣಕ್ಕೆ ತಾಗಿಕೊಂಡಿದೆ, ಹಿಂಬದಿಯ ಪುಟ ಯಾರಿಗೂ ಕಾಣದು. ನನ್ನ ಸಲಹೆ, ಒಬ್ಬ ಪಾರ್ಚ್‌ಮೆಂಟ್ ಬಲ್ಲ ಸಂರಕ್ಷಕರಿಂದ ಅದನ್ನು ಬಿಡಿಸಿ, ಆಮ್ಲವಿಲ್ಲದ ರಟ್ಟಿನ ಕಿಟಕಿ ಚೌಕಟ್ಟಿನಲ್ಲಿ ಇಡಿಸಿ. ಟೇಪ್ ಅಂಟಿಸಿದ್ದರೆ ನೀವೇ ಎಳೆಯಬೇಡಿ, ಅಕ್ಷರವೂ ಅದರ ಜತೆ ಬರುತ್ತದೆ. ಖರ್ಚು ಹಾಳೆಯ ಬೆಲೆಯನ್ನೂ ಮೀರಬಹುದು, ಅದು ಗೊತ್ತಿರಲಿ. ಅಷ್ಟು ಬೇಡವೆಂದರೆ ಆಮ್ಲವಿಲ್ಲದ ಕಾಗದದ ಫೋಲ್ಡರ್ ತಂದು, ಮಲಗಿಸಿ, ಬಿಸಿಲು ಬೀಳದ, ಹೀಟರ್‌ನಿಂದ ದೂರದ ಕಪಾಟಿನಲ್ಲಿ ಇಡಿ. ಗಾಳಿಯ ತೇವ 50 ಪರ್ಸೆಂಟ್ ಆಸುಪಾಸು ಒಂದೇ ಸಮ ಇದ್ದರೆ ಹಾಳೆ ಸುಖವಾಗಿರುತ್ತದೆ. ಸ್ಕ್ಯಾನರ್ ಮುಚ್ಚಳದ ಕೆಳಗೆ ಒತ್ತುವುದಕ್ಕಿಂತ ಮೇಲಿನಿಂದ ಫೋಟೋ ತೆಗೆಯುವುದು ಮೇಲು.

ಊರಿಗೆ ಒಯ್ಯುವ ಆಸೆಗೆ ಎರಡು ಅಡ್ಡಿ. ಒಂದು ಕಾನೂನು. ಯುರೋಪಿಯನ್ ಯೂನಿಯನ್‌ನ 2009ರ 116ನೇ ನಿಯಮದ ಪ್ರಕಾರ 50 ವರ್ಷ ದಾಟಿದ ಹಸ್ತಪ್ರತಿ, ಒಂದೇ ಹಾಳೆಯಾದರೂ, ಬೆಲೆ ಎಷ್ಟೇ ಕಡಿಮೆಯಿದ್ದರೂ, ಯೂನಿಯನ್ ದಾಟಲು ರಫ್ತು ಪರವಾನಗಿ ಬೇಕು. ಚಿತ್ರಗಳಿಗೆಲ್ಲ ಬೆಲೆಯ ಮಿತಿ ಇದೆ, ಹಸ್ತಪ್ರತಿಗೆ ಮಿತಿಯೇ ಇಲ್ಲ. ‘140 ಯೂರೋದ್ದಲ್ವಾ’ ಎಂದು ಸೂಟ್‌ಕೇಸಿಗೆ ಹಾಕಿಕೊಂಡು ಹೊರಟರೆ ವಿಮಾನ ನಿಲ್ದಾಣದಲ್ಲಿ ಪೇಚಾಟ. ಸಂತೆಯವನಿಂದ ರಸೀದಿ ಇಸಿದುಕೊಂಡಿಲ್ಲವಾದರೆ ಮುಂದಿನ ವಾರವೇ ಹೋಗಿ ಕೇಳಿ. ಮತ್ತೆ, ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆಯಲ್ಲಿ 75 ವರ್ಷ ದಾಟಿದ, ಬೆಲೆಬಾಳುವ ಹಸ್ತಪ್ರತಿಯೂ ಪುರಾತನ ವಸ್ತುವೇ. ಅದನ್ನು ಖಾಸಗಿಯವರು ಹೊರಗೆ ಒಯ್ಯುವಂತಿಲ್ಲ. ಒಮ್ಮೆ ಒಳಗೆ ಬಂದದ್ದನ್ನು ಬೇಕೆಂದಾಗ ವಾಪಸ್ ತರಬಹುದು ಎಂದು ಲೆಕ್ಕ ಹಾಕಬೇಡಿ.

ಇನ್ನೊಂದು ಅಡ್ಡಿ ಆಟಿ ತಿಂಗಳು. ಕರಾವಳಿಯ ಮಳೆಗಾಲದಲ್ಲಿ ಗಾಳಿಯ ತೇವ 80, 90 ಪರ್ಸೆಂಟ್ ಆಗುತ್ತದೆ. 65 ದಾಟಿದರೆ ಚರ್ಮಕ್ಕೆ ಬೂಷ್ಟು ಹಿಡಿಯುವ ಭಯ. ಹಾಳೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಪ್ರತಿ ಸಲವೂ ಬಣ್ಣ ಸ್ವಲ್ಪ ಸ್ವಲ್ಪ ಬಿರುಕು ಬಿಡುತ್ತದೆ, ಏಕೆಂದರೆ ಚರ್ಮ ಅಲ್ಲಾಡಿದ ಹಾಗೆ ಬಣ್ಣ ಅಲ್ಲಾಡದು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ತೇವ ಅಳೆಯುವ ಮೀಟರ್ ಇಟ್ಟು ನಿಗಾ ಮಾಡುವವರಿಗೆ ಸಾಧ್ಯವಿದೆ. ಮಾಸ್ಟ್ರು ಮಾಡಿಯಾರು. ಆದರೆ ಡಬ್ಬಿಯೊಳಗೆ ಮುಚ್ಚಿಟ್ಟ ಉಡುಗೊರೆ ನೋಡುವುದು ಯಾವಾಗ?

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಹಾಳೆಯನ್ನು ಐಂಡ್‌ಹೋವನ್‌ನಲ್ಲೇ ಇಡುತ್ತಿದ್ದೆ. ಎರಡೂ ಪುಟದ ಒಳ್ಳೆಯ ಫೋಟೋವನ್ನು ಅಸಲು ಅಳತೆಯಲ್ಲೇ ದಪ್ಪ ಕಾಗದಕ್ಕೆ ಮುದ್ರಿಸಿ, ಜತೆಗೆ ಡಚ್ ಸಾಲುಗಳು, ಅವುಗಳ ಕನ್ನಡ ಅರ್ಥ ಬರೆದು ಅಪ್ಪನಿಗೆ ಕೊಡುತ್ತಿದ್ದೆ. ಓಲೆಗರಿ ಓದುವವರಿಗೆ ಇನ್ನೊಂದು ಲಿಪಿಯ ಕೂಡಕ್ಷರ ಬಿಡಿಸುವುದಕ್ಕಿಂತ ಒಳ್ಳೆಯ ಉಡುಗೊರೆ ಬೇಕಾ? ಅವರು ನೋಡಲು ಬಂದಾಗ ಅಸಲು ಹಾಳೆ ಕೈಗೇ ಕೊಡಬಹುದು, ಬರಿಗೈಗೆ. ಅದೇ ಫೋಟೋಗಳನ್ನು ಹೇಗ್‌ನ ರಾಷ್ಟ್ರೀಯ ಗ್ರಂಥಾಲಯದ ಹಸ್ತಪ್ರತಿ ವಿಭಾಗಕ್ಕೂ ಲೈಡನ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೂ ಕಳಿಸಿ. ಹಳೇ ಡಚ್ ಹಸ್ತಪ್ರತಿಗಳ ದೊಡ್ಡ ದಾಖಲೆ ಲೈಡನ್‌ನಲ್ಲಿದೆ. ಬಿಡಿ ಹಾಳೆಗಳನ್ನೇ ಒಟ್ಟುಗೂಡಿಸುವ ಫ್ರಾಗ್ಮೆಂಟೇರಿಯಂ ಎಂಬ ಯೋಜನೆ ಸ್ವಿಟ್ಜರ್ಲೆಂಡಿನ ಫ್ರಿಬೋರ್ಗ್‌ನಲ್ಲಿದೆ. ಹಾಳೆ ನಿಮ್ಮದಾಗಿಯೇ ಇರುತ್ತದೆ, ಅಣ್ಣತಮ್ಮಂದಿರನ್ನು ಹುಡುಕುವವರಿಗೆ ಒಂದು ಸುಳಿವು ಸಿಗುತ್ತದೆ. ಮುಂದೆಂದಾದರೂ ಇಟ್ಟುಕೊಳ್ಳಲು ಆಗದು ಅನ್ನಿಸಿದರೆ ಒಂದು ಗ್ರಂಥಾಲಯಕ್ಕೆ ಕೊಟ್ಟುಬಿಡಬಹುದು. ಕೆಲವರು ಬೇಡ ಎನ್ನುತ್ತಾರೆ, ಅದಕ್ಕೆ ನೊಂದುಕೊಳ್ಳಬೇಡಿ, ಅವರಲ್ಲಿ ಜಾಗದ ಕೊರತೆ.

ಒಂದು ಕೆಲಸ ಬಾಕಿಯಿದೆ. ಮುಂದಿನ ಸಲ ಫ್ರೇಮ್ ಬಿಚ್ಚಿದಾಗ ಹಾಳೆಯ ಎರಡೂ ಬದಿಯ ಕೆಳಮೂಲೆ ನೋಡಿ. ಪೆನ್ಸಿಲಿನಲ್ಲಿ ಸಣ್ಣ ಅಂಕಿ ಇರಬಹುದು. ಅದು ಪುಸ್ತಕ ಇಡಿಯಾಗಿದ್ದಾಗ ಹಾಕಿದ ಹಾಳೆ ಸಂಖ್ಯೆ, ಇಲ್ಲವೇ ಹರಿದವನ ಲೆಕ್ಕ. ಕೊಳೆ ಎಂದು ಸುಮ್ನೆ ಉಜ್ಜಿಬಿಡಬೇಡಿ. ರಟ್ಟಿನ ಹಿಂದೆ ಅಂಗಡಿಯ ಚೀಟಿ ಅಂಟಿದ್ದರೆ ಅದನ್ನೂ ಕೀಳಬೇಡಿ. ಎರಡರದ್ದೂ ಫೋಟೋ ತೆಗೆದು, ಪುಟದಲ್ಲಿ ಎಷ್ಟು ಸಾಲಿವೆ ಎಂದು ಎಣಿಸಿ, ಹಾಳೆಯ ಉದ್ದ ಅಗಲವನ್ನು ಮಿಲಿಮೀಟರ್‌ನಲ್ಲಿ ಅಳೆದು ನನಗೆ ಕಳಿಸಿ.